ಫೋಕಸ್ ನಾಬಿಗೆ ವಿಭೂತಿ

ಮೂರು ವಾರದ ಹಿಂದಿನ ಶನಿವಾರ ಸಂಜೆ ನಾನು ನನ್ನ ಖಾಸಾ ಗೆಳೆಯನಿಗೆ ಬಲೆ ಹಾಕಿದೆ.

ಬಲೆಗೆ ಬೇಕಾದ ಸಾಮಾನು ಭಾಳೇನಿಲ್ಲ. ಒಂದು ಟೆಲಿಸ್ಕೋಪು, ಅದರ ಫೋಕಸ್ ತಿರುಗಿಸುವ ನಾಬು, ಒಂದು ಚಿಟಿಕೆ ವಿಭೂತಿ. ಯಾರೂ ಇಲ್ಲದ ಹೊತ್ತು ನೋಡಿ ನಾಬಿನ ಮೈತುಂಬ ವಿಭೂತಿ ಸವರಿದೆ. ಮುಟ್ಟಿದವರ ಬೆರಳಿಗೆ ಅಂಟುತ್ತದೆ. ಆಮೇಲೆ ಕೈ ನೋಡಿದರಾಯಿತು. ಲಂಚಕೋರರನ್ನು ಹಿಡಿಯುವವರು ನೋಟಿಗೆ ಪುಡಿ ಹಚ್ಚುತ್ತಾರಲ್ಲ, ಅದೇ ಲೆಕ್ಕ. (ಐಡಿಯಾ ಪೂರ್ತಿ ನನ್ನದೇ. ಹೊಳೆದಾಗ ನನ್ನ ಮೇಲೆ ನನಗೇ ಅಭಿಮಾನ ಉಕ್ಕಿತ್ತು.)

ಎರಡು ತಾಸಿನ ನಂತರ ಗೆಳೆಯನ ಬೆರಳು ನೋಡಿದೆ. ಬೆಳ್ಳಗಿದ್ದವು.

ಸಿಕ್ಕ ಮಗ, ಅಂದುಕೊಂಡೆ.

ಗೆಳೆಯನ ಹೆಸರು ಈರಣ್ಣ. ಕಮತಗಿಯವನು, ಕೈಮಗ್ಗದ ನೇಕಾರ. ಒಂದನೇ ಇಯತ್ತೆಯಿಂದ ನಾವಿಬ್ಬರೂ ಒಂದೇ ಸಾಲಿನಲ್ಲಿ ಕುಳಿತವರು. ಮುಂದೆ ನಾನು ಓದಿ, ಬಾಗಲಕೋಟೆ ಸೇರಿ, ಪಿಯು ಕಾಲೇಜಿನಲ್ಲಿ ಫಿಜಿಕ್ಸ್ ಪಾಠಕ್ಕೆ ನಿಂತೆ. ಅವನು ಅಪ್ಪನ ಮಗ್ಗದ ಕುಣಿಗೆ ಕಾಲಿಳಿಸಿ ಕುಳಿತ. ಇಬ್ಬರಿಗೂ ಈಗ ಐವತ್ತು ದಾಟಿದೆ. ಈ ವಯಸ್ಸಿಗೆ ಹೊಸ ಗೆಳೆಯರು ಎಲ್ಲಿಂದ ಬರಬೇಕು? ಹಳಬರಲ್ಲಿ ನನ್ನ ಸ್ವಭಾವ ತಡೆದುಕೊಂಡು ಉಳಿದವನು ಇವನೊಬ್ಬನೇ. ಆ ಒಬ್ಬನಿಗೇ ನಾನು ಬಲೆ ಹಾಕಿದ್ದು.

ನನ್ನ ಸ್ವಭಾವದ ಬಗ್ಗೆ ಈ ಅಂಕಣ ಓದುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ಗಾಡಿ ಇಳಿದು ಮೀಟರಿನ ಮುಂದೆ ನಿಲ್ಲುವವನು ನಾನು. ಕಲ್ಲಂಗಡಿ ಅಂಗಡಿಯವನು ಬಡಿದು ನೋಡಿ ಒಂದು ಆರಿಸಿ ಕೊಟ್ಟರೆ, ಅದನ್ನು ಬಿಟ್ಟು ಬೇರೆಯದನ್ನೇ ಒಯ್ಯುತ್ತೇನೆ. ಡಾಕ್ಟರು ಗುಳಿಗೆ ಬರೆದರೆ ಆ ಚೀಟಿಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತೇನೆ. ಅವರು ‘ಬರೋಬ್ಬರಿ ಐತಿ’ ಅಂದರೆ ಇಬ್ಬರೂ ಒಳಗೊಳಗೇ ಒಂದಾಗಿದ್ದಾರೆ ಅನಿಸುತ್ತದೆ. ಮೇಲಾಗಿ ಕೆಲಸವೂ ಅಂಥದ್ದೇ. ಪರೀಕ್ಷೆ ಬಂತೆಂದರೆ ಕೊಠಡಿ ಕಾಯುವ ಡ್ಯೂಟಿ. ಇಷ್ಟು ವರ್ಷ ಹುಡುಗರ ಅಂಗೈ, ತೋಳು, ಸಾಕ್ಸು ತಪಾಸಣೆ ಮಾಡುತ್ತಲೇ ಬಂದೆ. ‘ಕೈ ತೋರಸು’ ಅನ್ನುವ ಮಾತು ನನ್ನ ಬಾಯಿಗೆ ‘ನಮಸ್ಕಾರ್ರಿ’ಗಿಂತ ಸಲೀಸು.

ಇಂಥವನಿಗೆ ಆಕಾಶದ ಹುಚ್ಚು ಹೇಗೆ ಹತ್ತಿತು? ಯಾಕೆಂದರೆ ನಕ್ಷತ್ರಗಳ ಮೇಲೆ ನನಗೆ ಅನುಮಾನವಿಲ್ಲ. ಹೇಳಿದ ಹೊತ್ತಿಗೆ ಹುಟ್ಟುತ್ತವೆ, ಹೇಳಿದ ಹೊತ್ತಿಗೆ ಮುಳುಗುತ್ತವೆ.

ಹುಚ್ಚು ಈರಣ್ಣನಿಗೂ ಇದೆ. ನವನಗರದಲ್ಲಿ ನಮ್ಮ ಮನೆ ಸುತ್ತ ಬೀದಿದೀಪಗಳ ಬೆಳಕು ಜಾಸ್ತಿ. ಅದಕ್ಕೇ ಟೆಲಿಸ್ಕೋಪನ್ನು ಕಾರಿಗೆ ಹಾಕಿಕೊಂಡು ಶನಿವಾರ ಶನಿವಾರ ಕಮತಗಿಗೆ ಹೋಗುವುದು ಎಂಟು ವರ್ಷದ ರೂಢಿ. ಈರಣ್ಣನದು ಹಳೆಯ ಮಣ್ಣಿನ ಮಾಳಿಗೆ ಮನೆ. ದಪ್ಪ ಗೋಡೆ, ಕಟ್ಟಿಗೆಯ ತೊಲೆ, ಅವುಗಳ ಮೇಲೆ ಜಂತಿ, ಜಂತಿಯ ಮೇಲೆ ಒಂದು ಮೊಳ ಮಣ್ಣು. ನಿಚ್ಚಣಿಕೆ ಹತ್ತಿ ಮೇಲೆ ಹೋದರೆ ನಾಲ್ಕೂ ದಿಕ್ಕು ಬಯಲು. ಅಲ್ಲಿ ಟೆಲಿಸ್ಕೋಪಿನ ಮೂರು ಕಾಲು ಊರುತ್ತೇವೆ, ವೈರನ್ನು ಕೆಳಗೆ ಪಡಸಾಲೆಗೆ ಇಳಿಬಿಟ್ಟು ಅಲ್ಲಿ ಲ್ಯಾಪ್‌ಟಾಪ್ ಇಡುತ್ತೇವೆ.

ಆಕಾಶದ ಫೋಟೋ ಅಂದರೆ ಒಂದು ಕ್ಲಿಕ್ಕಿನ ಮಾತಲ್ಲ. ಎರಡೆರಡು ನಿಮಿಷದ ಫೋಟೋಗಳನ್ನು ರಾಶಿಗಟ್ಟಲೆ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬೇಕು. ಆಗ ಕಣ್ಣಿಗೆ ಕಾಣದ್ದು ಮೆಲ್ಲಗೆ ಮೇಲೇಳುತ್ತದೆ. ಈ ಚಳಿಗಾಲ ನಾವು ಬೆನ್ನುಹತ್ತಿದ್ದು ಕೃತ್ತಿಕೆಯನ್ನು. ಬರಿಗಣ್ಣಿಗೆ ಅದು ಆರೇಳು ಚುಕ್ಕಿಗಳ ಗೊಂಚಲು. ಅದರ ಸುತ್ತ ನೀಲಿ ಮಂಜಿನ ತೆರೆಯೊಂದಿದೆ. ಆ ನೀಲಿ ಸಿಗಬೇಕಿತ್ತು.

ಸಿಗಬೇಕಾದರೆ ಫೋಕಸ್ ಕೂದಲೆಳೆಯಷ್ಟೂ ತಪ್ಪಬಾರದು. ಇಲ್ಲೇ ಇರುವುದು ತ್ರಾಸು. ಸಂಜೆ ಬಿಸಿಯಿದ್ದ ಟೆಲಿಸ್ಕೋಪಿನ ಕೊಳವೆ ಚಳಿ ಏರಿದಂತೆ ಕುಗ್ಗುತ್ತದೆ. ಏಳು ಗಂಟೆಗೆ ಸರಿ ಇದ್ದ ಫೋಕಸ್ ಎಂಟಕ್ಕೆ ಇರುವುದಿಲ್ಲ. ತಾಸಿಗೊಮ್ಮೆ ಮತ್ತೆ ನೋಡಬೇಕು, ಮತ್ತೆ ತಿರುಗಿಸಬೇಕು.

ಈ ಕೆಲಸ ಏಳು ವರ್ಷ ಈರಣ್ಣನದೇ ಆಗಿತ್ತು. ಸೀಳು ಕೊರೆದ ಒಂದು ತಟ್ಟೆಯನ್ನು ಲೆನ್ಸಿನ ಮುಂದೆ ಇಟ್ಟರೆ ನಕ್ಷತ್ರಕ್ಕೆ ಮೂರು ಗೆರೆ ಮೂಡುತ್ತವೆ. ನಡುವಿನ ಗೆರೆ ಉಳಿದೆರಡರ ನಟ್ಟನಡುವೆ ಬಂದರೆ ಫೋಕಸ್ ಸರಿ. ನಾನು ನೋಡಿ ‘ಬಂತು’ ಅಂದರೆ ಅವನು ನೋಡಿ ‘ಇಲ್ಲ, ಎಳಿ ಇನ್ನೂ ಸರಿ ಕುಂತಿಲ್ಲ’ ಅನ್ನುತ್ತಿದ್ದ. ಬೆಳಗಿನಿಂದ ಸಂಜೆತನಕ ರೇಷ್ಮೆ ಎಳೆ ನೋಡುವ ಕಣ್ಣು ಅದು. ಬರಿಗಾಲಲ್ಲಿ ಬೆಕ್ಕಿನಂತೆ ಬಂದು, ಎರಡೇ ಬೆರಳಲ್ಲಿ ನಾಬು ಅಲುಗಿಸಿ, ‘ಈಗ ನೋಡು’ ಅನ್ನುತ್ತಿದ್ದ. ಅವನು ಫೋಕಸ್ ಮಾಡುವ ಆ ಐದು ನಿಮಿಷ ನಮಗೆ ವಿರಾಮ. ಆಗ ಫೋಟೋ ನಡೆಯುತ್ತಿರುವುದಿಲ್ಲವಲ್ಲ, ಅದಕ್ಕೇ ನಾನು ಮಾಳಿಗೆಯ ಮೇಲೆ ಬೂಟು ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿದ್ದೆ, ಚಾ ಕುಡಿಯುತ್ತಿದ್ದೆ. ಫೋಟೋ ಶುರುವಾಯಿತೆಂದರೆ ಮಾತ್ರ ಯಾರೂ ಅಲುಗಬಾರದು. ಈ ಕಾನೂನು ಮಾಡಿದವನು ನಾನೇ.

ಕಳೆದ ವರ್ಷ ಒಂದು ಮೋಟರು ತಂದೆ. ತಾನೇ ಫೋಕಸ್ ಮಾಡುವ ಮೋಟರು. ನಾಬಿನ ಇನ್ನೊಂದು ಬದಿಗೆ ಕೂಡಿಸಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ತಾಸಿಗೊಮ್ಮೆ ತಂತಾನೇ ಕೆಲಸಕ್ಕೆ ಇಳಿಯುತ್ತದೆ. ಕೈ ಹಚ್ಚುವ ಗರಜೇ ಇಲ್ಲ.

ಅದು ಕೆಲಸ ಮಾಡುವ ರೀತಿ ಮೊದಮೊದಲು ನನಗೆ ಸೇರಲೇ ಇಲ್ಲ. ಕಣ್ಣಿನ ಡಾಕ್ಟರು ಗ್ಲಾಸು ಬದಲಿಸಿ ಬದಲಿಸಿ ‘ಇದು ಚೊಲೊ ಕಾಣತೈತೋ, ಇದೋ’ ಅಂತ ಕೇಳುತ್ತಾರಲ್ಲ, ಹಾಗೆ. ಮೊದಲು ಬೇಕಂತಲೇ ಫೋಕಸ್ ಕೆಡಿಸಿಕೊಳ್ಳುತ್ತದೆ. ನಕ್ಷತ್ರಗಳು ಉಬ್ಬಿ ವಡೆಯಷ್ಟಾಗುತ್ತವೆ. ಒಂದು ಸಣ್ಣ ಫೋಟೋ ತೆಗೆದು ಎಷ್ಟು ದಪ್ಪ ಅಂತ ಅಳೆಯುತ್ತದೆ. ಒಂದು ಹೆಜ್ಜೆ ಸರಿಯುತ್ತದೆ, ಮತ್ತೆ ಫೋಟೋ, ಮತ್ತೆ ಅಳತೆ. ಹೀಗೆ ದಪ್ಪ ಇಳಿಯುತ್ತ ಇಳಿಯುತ್ತ ಬಂದು, ಸರಿಯಾದ ಜಾಗ ದಾಟಿ, ಆ ಕಡೆಗೂ ಹೋಗಿ ಮತ್ತೆ ಕೆಡಿಸಿಕೊಳ್ಳುತ್ತದೆ. ಆಮೇಲೆ ಎಲ್ಲ ಅಳತೆ ಕೂಡಿಸಿ ಒಂದು ಕಣಿವೆಯ ಗೆರೆ ಬರೆದು, ಕಣಿವೆಯ ತಳ ಎಲ್ಲಿದೆಯೋ ಅಲ್ಲಿಗೆ ಬಂದು ನಿಲ್ಲುತ್ತದೆ. ಸರಿ ಇದ್ದದ್ದನ್ನು ಕೆಡಿಸಿ ಮತ್ತೆ ಸರಿ ಮಾಡುವುದು ಯಾವ ಶಾಣ್ಯಾತನ? ಇದರ ಮೇಲೆ ಒಂದು ಕಣ್ಣಿಡಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಈರಣ್ಣ ಮೋಟರು ನೋಡಿ ನಕ್ಕಿದ್ದ.

“ಅಲ್ಲಲೇ ಮಾಸ್ತರ, ಇದು ಬಂತಂದ್ರ ಇನ್ನ ನನ್ನ ಕೆಲಸ ಏನು? ಚಾ ಸೋಸೂದೇನು?”

ನಾನೂ ನಕ್ಕೆ. ಆದರೆ ಒಳಗೊಬ್ಬ ಇನ್ವಿಜಿಲೇಟರ್ ಕೂತಿದ್ದಾನಲ್ಲ, ಅವನು ನಗಲಿಲ್ಲ, ಬರೆದುಕೊಂಡ. ಪವರ್‌ಲೂಮು ಬಂದು ಇವರ ಓಣಿಯಲ್ಲಿ ಎಷ್ಟು ಕೈಮಗ್ಗ ನಿಂತಿಲ್ಲ? ಈಗ ಮಾಳಿಗೆಯ ಮೇಲೂ ಒಂದು ಮೋಟರು. ಇವನಿಗೆ ಒಳಗೊಳಗೆ ಉರಿ ಇರಲಿಕ್ಕೇ ಬೇಕು.

ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತಾಯಿತು. ಮೋಟರು ಕೂಡಿಸಿದೆವು. ಶುರುವಾಯಿತು ನೋಡಿ ಪಜೀತಿ.

ಒಂದು ತಾಸು ಫೋಟೋ ಸೂಜಿಮೊನೆಯಂತೆ ಬರುತ್ತವೆ. ಮುಂದಿನ ತಾಸಿನವು ಪೂರ್ತಿ ಹಾಳು. ಚುಕ್ಕಿಗಳು ಹುರಿದ ಸಾಬೂದಾಣಿ. ಅದರ ಮುಂದಿನ ತಾಸು ಒಮ್ಮೆ ಸರಿ, ಒಮ್ಮೆ ಇಲ್ಲ. ಒಂದು ರೀತಿ ನೀತಿ ಇಲ್ಲ.

ಯಾರ ಮೇಲೆ ಅನುಮಾನ ಪಡಲಿಲ್ಲ ನಾನು? ಮೊದಲು ತೆಳು ಮೋಡದ ಮೇಲೆ. ಆಮೇಲೆ ಇಬ್ಬನಿಯ ಮೇಲೆ. ಆಮೇಲೆ ಇಳಕಲ್ ಕಡೆಯ ಕಲ್ಲುಗಣಿಯ ಧೂಳಿನ ಮೇಲೆ (ಅದು ಇಲ್ಲಿತನಕ ಬರುವುದಿಲ್ಲ ಅಂತ ಈರಣ್ಣ ಅಂದ, ಗಣಿಯವರ ಪರ ಇವನೇಕೆ ಮಾತಾಡುತ್ತಾನೆ ಅಂದುಕೊಂಡೆ). ವೈರು ಬದಲಿಸಿದೆ. ಬ್ಯಾಟರಿ ಬದಲಿಸಿದೆ. ಮೋಟರು ಮಾರಿದವನಿಗೆ ಫೋನ್ ಮಾಡಿ ಜಗಳ ತೆಗೆದೆ. ಅವನು ಪಾಪ, “ಸರ್, ಯಾರಾದರೂ ಕೈ ಹಚ್ಚುತ್ತಿದ್ದಾರಾ ನೋಡಿ” ಅಂದ.

ಯಾರಾದರೂ ಅಂದರೆ ಯಾರು? ಮಾಳಿಗೆಯ ಮೇಲೆ ಇರುವವನು ಒಬ್ಬನೇ. ಕೆಲಸ ಹೋದರೂ ಈರಣ್ಣ ಮೇಲೆಯೇ ಕಂಬಳಿ ಹೊದ್ದು, ಅಂಚಿನ ಗಿಡ್ಡ ಗೋಡೆಗೆ ಒರಗಿ ಕೂತಿರುತ್ತಿದ್ದ. ಯಾಕೆ ಕೂತಿರಬೇಕು? “ಚುಕ್ಕಿ ನೋಡಾಕ” ಅನ್ನುತ್ತಿದ್ದ. ಎಂಟು ವರ್ಷ ನೋಡಿದ ಚುಕ್ಕಿಯಲ್ಲಿ ಹೊಸದೇನಿರುತ್ತದೆ?

ಅವತ್ತಿನಿಂದ ಪಹರೆ ಶುರು. ಮೋಟರು ಕೆಲಸಕ್ಕಿಳಿದ ಕೂಡಲೇ ನನ್ನ ಮೊಬೈಲಿಗೆ ಒಂದು ಟಿಣ್ ಬರುತ್ತದೆ. ಟಿಣ್ ಅಂದ ತಕ್ಷಣ ನಾನು ಕೈಯಲ್ಲಿದ್ದ ರೊಟ್ಟಿ ಬಿಟ್ಟು, ನಿಚ್ಚಣಿಕೆ ಹತ್ತಿ, ಮೇಲೆ ಓಡುತ್ತಿದ್ದೆ. ಟೆಲಿಸ್ಕೋಪಿನ ಸುತ್ತ ಒಂದು ಸುತ್ತು ಹಾಕಿ, ಈರಣ್ಣನ ಕೈ ಎಲ್ಲಿವೆ ನೋಡಿ, ಸಾಕ್ಷಿಗಿರಲಿ ಅಂತ ಮೊಬೈಲಿನಲ್ಲಿ ಫೋಟೋ ಹೊಡೆದು ಇಳಿಯುತ್ತಿದ್ದೆ. ಅವನ ಕೈ ಯಾವಾಗಲೂ ಕಂಬಳಿಯ ಒಳಗೇ. ಅದು ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಇಷ್ಟು ಪಕ್ಕಾ ಇರುವವನು ಎಷ್ಟು ದಿನದಿಂದ ತಯಾರಿ ಮಾಡಿಕೊಂಡಿರಬೇಡ?

ಹೀಗಾಗಿ ವಿಭೂತಿ ಬಲೆ.

ಆ ಶನಿವಾರ ಕತ್ತಲಾಗುತ್ತಲೇ, ಈರಣ್ಣ ದನಕ್ಕೆ ನೀರು ಕುಡಿಸಲು ಹೋದಾಗ, ಪಡಸಾಲೆಯ ಗೂಡಿನಲ್ಲಿದ್ದ ವಿಭೂತಿ ಗಟ್ಟಿಯನ್ನು ಉಜ್ಜಿ ಪುಡಿ ಮಾಡಿಕೊಂಡು ಹೋಗಿ ಸವರಿದೆ. ಏಳೂವರೆಗೆ ಫೋಟೋ ಶುರುವಾದವು. ಎಂಟೂವರೆಗೆ ಟಿಣ್. ಓಡಿ ಹೋಗಿ ನೋಡಿದೆ, ಫೋಟೋ ಹೊಡೆದೆ, ಇಳಿದೆ. ಆ ತಾಸಿನ ಫೋಟೋಗಳು ಕಂಪ್ಯೂಟರಿಗೆ ಬರತೊಡಗಿದವು. ಮತ್ತದೇ ಸಾಬೂದಾಣಿ. ಸಿಟ್ಟು ನೆತ್ತಿಗೇರಿತು. ಒಂಬತ್ತರ ಸುಮಾರಿಗೆ ಮತ್ತೆ ಮೇಲೆ ಹೋಗಿ ನಾಬಿಗೆ ಟಾರ್ಚು ಬಿಟ್ಟರೆ, ವಿಭೂತಿ ಇಲ್ಲ. ಒರೆಸಿಟ್ಟಂತಿತ್ತು.

ಅಷ್ಟರಲ್ಲಿ ಕೆಳಗೆ ಹೋಗಿದ್ದ ಈರಣ್ಣ ನಿಚ್ಚಣಿಕೆ ಹತ್ತಿ ಬಂದ.

“ನಡಿ, ಊಟ ಮಾಡೂಣು. ರೊಟ್ಟಿ ಆರಾಕತ್ತಾವಂತ.”

ನಿಚ್ಚಣಿಕೆಯ ತುದಿ ಹಿಡಿದಿದ್ದ ಅವನ ಬೆರಳ ಮೇಲೆ ನನ್ನ ಟಾರ್ಚು ಬಿತ್ತು. ಬಿಳಿ. ಮೂರು ಬೆರಳ ತುದಿಗೆ ಬಿಳಿ.

“ಕೈ ತೋರಸು,” ಅಂದೆ.

“ಆಂ?”

“ಕೈ ತೋರಸಲೇ.”

ಅವನಿಗೆ ತಿಳಿಯಲಿಲ್ಲ. ಆದರೂ ಎರಡೂ ಅಂಗೈ ಮುಂದೆ ಚಾಚಿದ, ಬೆಂಚಿನಿಂದ ಎದ್ದು ನಿಂತ ಹುಡುಗನ ಹಾಗೆ. ನಾನು ಟಾರ್ಚು ಬಿಟ್ಟು, ಒಂದೊಂದೇ ಬೆರಳು ನೋಡಿದೆ. ಐವತ್ತು ದಾಟಿದ ನೇಕಾರನ ಕೈ. ಎಳೆ ಉಜ್ಜಿ ಉಜ್ಜಿ ಬೆರಳ ತುದಿಯಲ್ಲಿ ಗೆರೆಗಳೇ ಅಳಿಸಿವೆ. ಅದೆಲ್ಲ ನನಗೆ ಆಗ ಕಾಣಲಿಲ್ಲ. ಕಂಡದ್ದು ವಿಭೂತಿ ಅಷ್ಟೇ.

“ನಾಬ ಮುಟ್ಟಿದಿ ಹೌದಲ್ಲೋ?”

“ಇಲ್ಲೋ ಮಾರಾಯಾ. ನಾ ಯಾಕ ಮುಟ್ಟಲಿ?”

“ನಾ ನಾಬಿಗೆ ವಿಭೂತಿ ಹಚ್ಚಿದ್ದೆ. ಈಗ ಅದು ನಿನ್ನ ಬೆರಳಾಗೈತಿ. ಎರಡು ತಿಂಗಳಿಂದ ನನ್ನ ಫೋಟೋ ಕೆಡಸಾಕತ್ತಿ. ಮೋಟರ ಬಂದಿದ್ದು ಮನಸಿಗೆ ಬಂದಿಲ್ಲ ಅಂದ್ರ ಬಾಯಿ ಬಿಟ್ಟು ಹೇಳಬೇಕಿತ್ತು. ಹಿಂಗ ಕಳ್ಳತನ ಯಾಕ?”

ಅವನು ತನ್ನ ಬೆರಳನ್ನೊಮ್ಮೆ ನೋಡಿಕೊಂಡ. ನನ್ನ ಮುಖವನ್ನೊಮ್ಮೆ ನೋಡಿದ.

“ನಾ ಮುಟ್ಟಿಲ್ಲ,” ಅಂದ. ಅಷ್ಟೇ. ದನಿ ಏರಿಸಲಿಲ್ಲ.

ಆಮೇಲೆ ಅವನೇ ಟೆಲಿಸ್ಕೋಪು ಬಿಚ್ಚಿದ. ಎಂದಿನಂತೆ ಕೊಳವೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ. ಎಂದಿನಂತೆ ಭಾರದ್ದನ್ನು ತಾನು ಹಿಡಿದು ಹಗುರದ್ದನ್ನು ನನಗೆ ಕೊಟ್ಟ. ಕೆಳಗೆ ಅವನ ಅವ್ವ ಕೇಳಿದಳು, “ಯಾಕಪಾ, ಊಟ ಬಿಟ್ಟ ಹೊಂಟಿ?” ಈರಣ್ಣ ಅಂದ, “ಮ್ವಾಡ ಆಗೈತಿ ಅವ್ವಾ, ಅದಕ್ಕ ಹೊಂಟಾನ.”

ಆಕಾಶದಲ್ಲಿ ಅರಳೆಯಷ್ಟೂ ಮೋಡ ಇರಲಿಲ್ಲ. ನನ್ನ ಮಾನ ಉಳಿಸಲು ಅವನು ಹೆತ್ತ ತಾಯಿಗೆ ಸುಳ್ಳು ಹೇಳಿದ್ದ. ನನಗೆ ಅನಿಸಿದ್ದೇನು ಗೊತ್ತಾ? ನೋಡು, ಸುಳ್ಳು ಇವನಿಗೆ ಎಷ್ಟು ಸಲೀಸು.

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ಹೇಗೆ ಹಿಡಿದೆ, ಹೇಗೆ ಕೈ ತೋರಿಸಿದ, ಹೇಗೆ ಮೋಡದ ಸುಳ್ಳು ಹೇಳಿದ, ಎಲ್ಲ. ಅವಳು ಮೊಸರು ಹೆಪ್ಪು ಹಾಕುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು.

“ಊಟದ ವ್ಯಾಳ್ಯಾ ಅಂತೀರಿ. ಈರಣ್ಣಾರು ಊಟಕ್ಕ ಮೊದಲ ಪೂಜಾ ಮಾಡಕೊಂಡ ವಿಭೂತಿ ಹಚ್ಚಗೊಳ್ಳೂದಿಲ್ಲೇನ್ರಿ?”

ಹಚ್ಚಿಕೊಳ್ಳುತ್ತಾನೆ. ದಿನಾಲೂ ಹಚ್ಚಿಕೊಳ್ಳುತ್ತಾನೆ. ನಾನು ನೋಡುತ್ತಲೇ ಬಂದಿದ್ದೇನೆ. ಅವನ ಹಣೆಯ ಮೇಲೂ ಆಗ ಮೂರು ಬೆರಳ ಅಡ್ಡಗೆರೆ ಇತ್ತು. ನನ್ನ ಟಾರ್ಚು ಹಣೆಯ ತನಕ ಏರಲಿಲ್ಲ.

ನಮ್ಮ ಸೀಮೆಯಲ್ಲಿ ಕಳ್ಳನನ್ನು ಹಿಡಿಯಲು ವಿಭೂತಿ ಹಚ್ಚಿದ ಮೊದಲ ಶಾಣ್ಯಾ ನಾನೇ ಇರಬೇಕು. ಕಮತಗಿಯಿಂದ ಕೂಡಲಸಂಗಮದ ತನಕ ಯಾರ ಕೈ ಹಿಡಿದು ನೋಡಿದರೂ ಸಿಕ್ಕೇ ಸಿಗುತ್ತದೆ. (ಸುಣ್ಣ ಹಚ್ಚಬಹುದಿತ್ತು. ಅರಿಶಿನ ಹಚ್ಚಬಹುದಿತ್ತು. ಇದ್ದ ಬುದ್ಧಿ ಇಷ್ಟೇ.)

“ಹಂಗಾರ ನಾಬಿನ ಮ್ಯಾಗಿಂದು ಎಲ್ಲಿ ಹೋತು?” ಅಂದೆ.

“ಪುಡಿ ಅಲ್ಲೇನ್ರಿ? ಗಾಳಿಗೆ ಹಾರತೈತಿ. ಮೋಟರ ತಿರಗಿಸಿದ್ರ ಉದರತೈತಿ.” ಹೆಪ್ಪಿನ ಪಾತ್ರೆ ಮುಚ್ಚಿ ಒಳಗೆ ಹೋದಳು. ಅವಳಿಗೆ ನನ್ನ ಮೇಲೆ ಸಿಟ್ಟು ಬಂದಾಗ ಹೀಗೇ ಮಾತು ಕಡಿಮೆ ಮಾಡುತ್ತಾಳೆ.

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅನುಮಾನದ ಮನುಷ್ಯನಿಗೆ ಒಂದು ಸಾಕ್ಷಿ ಬಿದ್ದುಹೋದರೆ ಇನ್ನೊಂದು ಹುಡುಕುವ ಹುರುಪು ಬರುತ್ತದೆ. ಮುಂದಿನ ಶನಿವಾರ ನಮ್ಮ ಮನೆಯ ತಾರಸಿಯ ಮೇಲೇ ಟೆಲಿಸ್ಕೋಪು ಹೂಡಿದೆ. ಬೀದಿದೀಪ ಇದ್ದರೆ ಇರಲಿ, ಫೋಕಸ್ ಪರೀಕ್ಷೆಗೆ ಅಡ್ಡಿಯಿಲ್ಲ. ಸಂಜೆ ಇಡೀ ಮೋಟರು ಒಮ್ಮೆಯೂ ತಪ್ಪಲಿಲ್ಲ. ನಾನು ಇಲ್ಲೂ ಟಿಣ್ ಅಂದಾಗಲೆಲ್ಲ ಓಡಿ ಹೋಗಿ ನೋಡಿದೆ. ಎಲ್ಲ ತಾಸಿನ ಚುಕ್ಕಿಗಳೂ ಸೂಜಿಮೊನೆ.

ಮೋಟರು ಅದೇ. ವೈರು ಅದೇ. ನಾನೂ ಅದೇ. ಇಲ್ಲಿ ಇಲ್ಲದವನು ಈರಣ್ಣ ಒಬ್ಬನೇ. ಇನ್ನೇನು ಬೇಕು ಹೇಳಿ? ಹೆಂಡತಿಯನ್ನು ಕರೆದು ಸ್ಕ್ರೀನು ತೋರಿಸಿದೆ. “ಭಾಳ ಚೊಲೊ ಆತು ಬಿಡ್ರಿ,” ಅಂದಳು. ಆ ರಾತ್ರಿ ನನಗೆ ಗೆದ್ದ ಖುಷಿ ಇತ್ತು. ಈಗ ಬರೆಯಲೂ ನಾಚಿಕೆಯಾಗುತ್ತದೆ, ಆದರೂ ಖರೆ ಹೇಳಬೇಕಲ್ಲ, ಖುಷಿ ಇತ್ತು.

ನಾಲ್ಕು ದಿನ ಬಿಟ್ಟು ಬುಧವಾರ ಸಂಜೆ ಈರಣ್ಣನ ಅವ್ವನ ಫೋನು ಬಂತು. ಎಂಬತ್ತರ ಆಸುಪಾಸಿನ ಜೀವ. ನನ್ನನ್ನು ಇನ್ನೂ ಸಾಲಿ ಹುಡುಗ ಅಂತಲೇ ತಿಳಿದಿದ್ದಾಳೆ.

“ಏನಪಾ ಶ್ರೀಶೈಲ, ಹ್ವಾದ ಶನಿವಾರ ಮಾರೀನ ಕಾಣಲಿಲ್ಲ. ಯಾಕ ಬರಲಿಲ್ಲಂತ ಅಂವನ್ನ ಕೇಳಿದ್ರ ಬಾಯಿ ಬಿಡವೊಲ್ಲ. ಆರಾಮ ಅದೀ ಇಲ್ಲೋ?”

“ಆರಾಮ ಅದೇನಿ ಅವ್ವಾ. ಸ್ವಲ್ಪ ಕಾಲೇಜ ಕೆಲಸ.”

“ಬಾ ಮತ್ತ. ಒಂದ ಚೊಲೊ ಆಗೇತಿ ನೋಡು, ನೀ ಬರಲಿಲ್ಲಂತ ಹಾಸಿಗಿ ಮ್ಯಾಲೆ ಮಣ್ಣ ಉದರೂದು ನಿಂತೈತಿ.” ಹೇಳಿ ನಕ್ಕಳು.

“ಯಾವ ಮಣ್ಣು?”

“ಮಾಳಿಗಿ ಮಣ್ಣಪಾ. ಈರಣ್ಣ ಮ್ಯಾಲಿದ್ರ ಇದ್ದಾನಂತ ಗೊತ್ತ ಆಗೂದಿಲ್ಲ, ಕುಂತಲ್ಲೇ ಕುಂತಿರತಾನ. ನೀ ಒಮ್ಮೆ ಬೂಟ ಹಾಕ್ಕೊಂಡ ಓಡಿದಿ ಅಂದ್ರ ಜಂತಿ ಎಲ್ಲಾ ನಡಗತಾವ. ನನ್ನ ಹಾಸಿಗಿ ತುಂಬ ಮಣ್ಣು. ತಾಸಿಗೊಮ್ಮೆ ಏನ ಓಡತಿದ್ದಿ ತಮ್ಮಾ, ಹೊಟ್ಟಿ ಸರಿ ಇರಲಿಲ್ಲೇನು?”

ಫೋನು ಇಟ್ಟೆ.

ಕಂಪನ ಅನ್ನುವ ಪಾಠವನ್ನು ನಾನು ವರ್ಷಾ ವರ್ಷಾ ಹೇಳುತ್ತೇನೆ. ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತೇನೆ. ನಮ್ಮ ಮನೆ ತಾರಸಿ ಕಾಂಕ್ರೀಟು, ಆನೆ ನಡೆದರೂ ಅಲುಗುವುದಿಲ್ಲ. ಈರಣ್ಣನ ಮಾಳಿಗೆ ಕಟ್ಟಿಗೆ ಮತ್ತು ಮಣ್ಣು.

ಲ್ಯಾಪ್‌ಟಾಪು ತೆರೆದೆ. ಫೋಕಸ್ ಮಾಡುವ ಸಾಫ್ಟ್‌ವೇರು ತಾನು ಯಾವ ಹೊತ್ತಿಗೆ ಏನು ಮಾಡಿದೆ ಅಂತ ಒಂದು ಫೈಲಿನಲ್ಲಿ ಸೆಕೆಂಡಿನ ಸಮೇತ ಬರೆದಿಟ್ಟಿರುತ್ತದೆ. ಎರಡು ತಿಂಗಳು ಅದರಲ್ಲಿ ಈರಣ್ಣನ ಬೆರಳ ಗುರುತು ಹುಡುಕಿದ್ದ ನಾನು, ಈಗ ನನ್ನ ಮೊಬೈಲನ್ನು ಪಕ್ಕಕ್ಕಿಟ್ಟುಕೊಂಡೆ. ಸಾಕ್ಷಿಗಿರಲಿ ಅಂತ ಹೊಡೆದ ಫೋಟೋಗಳಿದ್ದವಲ್ಲ, ಅವುಗಳ ಮೇಲೂ ಹೊತ್ತು ಬರೆದಿರುತ್ತದೆ.

ತಾಳೆ ನೋಡಿದೆ. ಪಹರೆ ಶುರುವಾದ ಮೇಲೆ ಕೆಟ್ಟ ಫೋಕಸ್ ಎಷ್ಟಿದ್ದವೋ ಅಷ್ಟಕ್ಕೂ ನನ್ನದೊಂದು ಫೋಟೋ ಇತ್ತು. ಎಲ್ಲವೂ ಮೋಟರು ಅಳತೆ ನಡೆಸುತ್ತಿದ್ದಾಗಲೇ ಹೊಡೆದವು. ನಾನು ಓಡಿ ಬಂದು, ಸುತ್ತು ಹಾಕಿ, ನಿಂತು ನೋಡಿದ ಆ ನಿಮಿಷದಲ್ಲೇ ಕೊಳವೆ ನಡುಗಿದೆ, ಚುಕ್ಕಿ ಉಬ್ಬಿ ಕಂಡಿವೆ, ಮೋಟರು ಅದನ್ನೇ ಖರೆ ಅಂತ ತಿಳಿದು ತಪ್ಪು ಜಾಗದಲ್ಲಿ ನಿಂತಿದೆ. ಫೋಟೋ ತೆಗೆಯುವಾಗ ಅಲುಗಬಾರದು ಅಂತ ಕಾನೂನು ಮಾಡಿದ್ದೆ. ಫೋಕಸ್ ನಡೆದಾಗ ಅಡ್ಡಾಡಬಹುದು ಅನ್ನುವುದು ಕೈಯಿಂದ ಮಾಡುವ ಕಾಲದ ರೂಢಿ. ಆಗ ಈರಣ್ಣ ‘ಒಂದೀಟು ನಿಲ್ಲು’ ಅಂತ ಕೈಸನ್ನೆ ಮಾಡುತ್ತಿದ್ದ. ಮೋಟರು ಬಂದ ಮೇಲೂ, ಪಹರೆಗೆ ಮುಂಚೆಯೂ, ನಾನು ಹಾಗೇ ಅಡ್ಡಾಡಿದ್ದೆ. ಮೋಟರಿಗೆ ಕೈಸನ್ನೆ ಬರುವುದಿಲ್ಲ.

ಇನ್ನೂ ಒಂದು ಸಿಕ್ಕಿತು. ಒಂದು ಶನಿವಾರ ಫೋನಿಗೆ ನೆಟ್‌ವರ್ಕ್ ಸಿಗದೆ ನಾನು ರಸ್ತೆಗೆ ಹೋಗಿ ಹೆಂಡತಿಯ ಜೊತೆ ಮಾತಾಡುತ್ತ ನಿಂತಿದ್ದೆ. ಅಷ್ಟೂ ಹೊತ್ತು ಮಾಳಿಗೆಯ ಮೇಲೆ ಈರಣ್ಣ ಒಬ್ಬನೇ. ಆ ಹೊತ್ತಿನಲ್ಲಿ ಮೋಟರು ಮಾಡಿದ ಫೋಕಸ್ ಇಡೀ ಚಳಿಗಾಲದಲ್ಲೇ ಉತ್ತಮವಾದದ್ದು. ಕೃತ್ತಿಕೆಯ ನೀಲಿ ಆ ಒಂದು ತಾಸಿನ ಫೋಟೋಗಳಲ್ಲಿ ಮಾತ್ರ ಚೆಂದ ಮೂಡಿದೆ. ಕಳ್ಳ ಒಬ್ಬನೇ ಇದ್ದಾಗ ಮನೆ ಸುರಕ್ಷಿತವಾಗಿತ್ತು. ಪಹರೆಯವನು ಬಂದಾಗಲೆಲ್ಲ ಕಳವಾಗಿದೆ.

ಆ ಮೋಟರಿನ ಬಗ್ಗೆ ನನ್ನ ಅಭಿಪ್ರಾಯವೂ ಅವತ್ತು ಬದಲಾಯಿತು. ಅದು ತಾಸಿಗೊಮ್ಮೆ ಅನುಮಾನ ಪಡುತ್ತದೆ ನಿಜ. ಆದರೆ ಪಡುವುದು ತನ್ನ ಮೇಲೆ. ನಾನು ನಿಂತಿರುವ ಜಾಗ ಇನ್ನೂ ಸರಿ ಇದೆಯೋ ಇಲ್ಲವೋ ಅಂತ ಈ ಕಡೆ ಸರಿದು ನೋಡುತ್ತದೆ, ಆ ಕಡೆ ಸರಿದು ನೋಡುತ್ತದೆ. ನಾನು ಎರಡು ತಿಂಗಳಲ್ಲಿ ಮೋಡ, ಇಬ್ಬನಿ, ಧೂಳು, ವೈರು, ಅಂಗಡಿಯವನು, ಗೆಳೆಯ, ಎಲ್ಲರ ಮೇಲೂ ಅನುಮಾನಪಟ್ಟೆ. ನನ್ನ ಬೂಟಿನ ಮೇಲೆ ಪಡಲಿಲ್ಲ.

ನಾನೊಬ್ಬನೇ ಹೀಗೆ ಅಂದುಕೊಂಡಿರಾ? ನಮ್ಮ ಓಣಿಯಲ್ಲಿ ಎದುರುಬದುರು ಮನೆಗಳು ಒಂದರ ಬಾಗಿಲಿಗೊಂದು ಕ್ಯಾಮೆರಾ ಹಚ್ಚಿಕೊಂಡು ಕೂತಿವೆ. ಬಸ್ಸಿನಲ್ಲಿ ಇದ್ದೇನೆ ಅಂತ ಮಗಳು ಹೇಳಿದರೆ ಲೊಕೇಶನ್ ಕಳಸು ಅನ್ನುತ್ತೇವೆ. ಜ್ವರ ಅಂದರೆ ಥರ್ಮಾಮೀಟರಿನ ಫೋಟೋ. ಊಟ ಆಯಿತು ಅಂದರೆ ತಾಟಿನ ಫೋಟೋ. ಇನ್ನೊಬ್ಬರ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ, ಸ್ಕ್ರೀನು ಹೌದೆನ್ನಬೇಕು. ಎಲ್ಲರೂ ಒಬ್ಬರ ಮಾಳಿಗೆಯ ಮೇಲೆ ಒಬ್ಬರು ಬೂಟು ಹಾಕಿಕೊಂಡು ಓಡುತ್ತಿದ್ದೇವೆ ಅನಿಸುತ್ತದೆ ನನಗೆ.

ಇರಲಿ. ನನ್ನ ಕಥೆ ಮುಗಿಸುತ್ತೇನೆ.

ಗುರುವಾರ ಹೋಗಬೇಕಿತ್ತು, ಧೈರ್ಯ ಆಗಲಿಲ್ಲ. ಶುಕ್ರವಾರವೂ ಆಗಲಿಲ್ಲ. ಶನಿವಾರ ಟೆಲಿಸ್ಕೋಪು ಮನೆಯಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ಹಿಡಿದು ಕಮತಗಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಬಾಯಿಪಾಠ ಮಾಡಿಕೊಂಡೆ. ಅವನು ಬೈದರೆ ಬೈಸಿಕೊಳ್ಳುವುದು, ಮಾತಾಡಿಸದಿದ್ದರೆ ಅವ್ವನ ಹತ್ತಿರ ಕೂರುವುದು ಅಂತ ಲೆಕ್ಕ ಹಾಕಿದೆ. ಬಾಗಿಲಲ್ಲಿ ಬೂಟು ಬಿಚ್ಚಿದೆ.

ಈರಣ್ಣ ಮಗ್ಗದಲ್ಲಿದ್ದ. ಹೊಸ ಸೀರೆ ಹೂಡಿದ್ದ. ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದ. ನಮ್ಮ ಇಳಕಲ್ ಸೀರೆಯ ಜೀವ ಇರುವುದೇ ಆ ಕೊಂಡಿಯಲ್ಲಿ. ಒಂದು ಕೊಂಡಿ ಸಡಿಲಾದರೆ ಸೆರಗಿನ ತನಕ ಅದರ ಗುರುತು ಉಳಿಯುತ್ತದೆ. ನನ್ನನ್ನು ನೋಡಿ, “ಬಂದಿ? ಕುಂದ್ರು,” ಅಂದ. ಕೈ ನಿಲ್ಲಿಸಲಿಲ್ಲ.

ನಾನು ಕೂತು ಲ್ಯಾಪ್‌ಟಾಪು ತೆರೆದೆ. ಫೈಲು ತೋರಿಸಿದೆ. ನನ್ನ ಮೊಬೈಲಿನ ಫೋಟೋಗಳನ್ನು ತೋರಿಸಿದೆ. ಎರಡರ ಹೊತ್ತನ್ನೂ ಓದಿ ಓದಿ ಹೇಳಿದೆ. ಬೂಟು, ಜಂತಿ, ಮಣ್ಣು, ಅವ್ವನ ಹಾಸಿಗೆ, ಅವನೊಬ್ಬನೇ ಮಾಳಿಗೆಯ ಮೇಲಿದ್ದ ಆ ಒಂದು ತಾಸು, ಎಲ್ಲ ಹೇಳಿದೆ. ಅವನು ಎಳೆ ಬಿಟ್ಟು ಕಣ್ಣೆತ್ತಲಿಲ್ಲ, ಆದರೆ ಕೇಳುತ್ತಿದ್ದ.

“ಹಂಗಾರ ನಾ ಮುಟ್ಟಿಲ್ಲಂತ ಆತು,” ಅಂದ.

“ಹೌದೋ. ಒಂದ ಸಲಾನೂ ಮುಟ್ಟಿಲ್ಲ. ಎಲ್ಲಾ ಇದರಾಗ ಬರದೈತಿ. ತಪ್ಪ ಪೂರ್ತಿ ನಂದು. ನನ್ನ ಮ್ಯಾಲೆ ಸಿಟ್ಟ ಮಾಡಕೋಬ್ಯಾಡ ಈರಣ್ಣ.”

“ಸಿಟ್ಟೇನಿಲ್ಲ.”

ಇನ್ನೊಂದು ಕೊಂಡಿ ಹಾಕಿದ. ಮತ್ತೊಂದು ಹಾಕಿದ. ಒಳಗಿನಿಂದ ಅವ್ವ “ಚಾ ಇಡಲೇನೋ” ಅಂದಳು, ಅವನೇ ಹೂಂ ಅಂದ. ಸದ್ಯ ಮುಗಿಯಿತಲ್ಲ ಅಂತ ನಾನು ಉಸಿರು ಬಿಟ್ಟೆ. ಲ್ಯಾಪ್‌ಟಾಪು ಮುಚ್ಚಲು ಹೋದೆ.

ಆಗ ಅವನು ಎಳೆ ಬಿಟ್ಟು, ನನ್ನ ಕಡೆ ತಿರುಗಿ, ಆ ಸ್ಕ್ರೀನಿನತ್ತ ಬೆರಳು ತೋರಿಸಿ ಕೇಳಿದ:

“ಮುಟ್ಟಿಲ್ಲಂತ ಅವತ್ತ ನಾ ಬಾಯಿಲೇನ ಹೇಳಿದ್ನೆಲ್ಲ. ಇದರಾಗ ಬರೀದ ಇದ್ದಿದ್ರ, ಇವತ್ತ ನೀ ಬರತಿದ್ದಿ ಏನು?”